ಐವತ್ತೆರಡರಲ್ಲಿ ಸ್ಯಾಂಟಾನಾ

ಕಾರ್ಲೋಸ್ ಸ್ಯಾಂಟಾನಾ 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಜನಸಾಗರವನ್ನೇ ಕುಣಿಸಿದ ಗಿಟಾರ್ ವಾದಕ. ತೊಂಬತ್ತರ ದಶಕದ ಹೊತ್ತಿಗೆ ರೇಡಿಯೊಗಳು ಅವರನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದವು. ಆಗ ಹಳೆಯ ಒಡನಾಡಿ, ರೆಕಾರ್ಡ್ ಕಂಪನಿಯ ಮುಖ್ಯಸ್ಥ ಕ್ಲೈವ್ ಡೇವಿಸ್ ಮತ್ತೆ ಕೈಜೋಡಿಸಿದರು. 1999ರಲ್ಲಿ ಬಂತು ‘ಸೂಪರ್‌ನ್ಯಾಚುರಲ್’ ಆಲ್ಬಂ. ರಾಬ್ ಥಾಮಸ್, ಲಾರಿನ್ ಹಿಲ್, ಡೇವ್ ಮ್ಯಾಥ್ಯೂಸ್, ಮೆಕ್ಸಿಕೊದ ‘ಮನಾ’ ತಂಡ, ಎರಿಕ್ ಕ್ಲಾಪ್ಟನ್ ಎಲ್ಲರೂ ಅದರಲ್ಲಿದ್ದರು. ಥಾಮಸ್ ಹಾಡಿದ ‘ಸ್ಮೂತ್’ 12 ವಾರ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿತ್ತು. ಮರುವರ್ಷ, ಐವತ್ತೆರಡನೇ ವಯಸ್ಸಿನಲ್ಲಿ, ಒಂದೇ ರಾತ್ರಿ ಸ್ಯಾಂಟಾನಾರಿಗೆ 8 ಗ್ರ್ಯಾಮಿ!

‘ಸ್ಮೂತ್’ ಹಾಡನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಥಾಮಸ್ ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಗಿಟಾರ್ ಎರಡು ಮಾತು ಸೇರಿಸಿ ಸುಮ್ಮನಾಗುತ್ತದೆ. ಹಾಡುಗಾರನನ್ನು ಒಮ್ಮೆಯೂ ತುಳಿಯುವುದಿಲ್ಲ. ಆಲ್ಬಂನ ಮೇಲೆ ಹೆಸರು ಸ್ಯಾಂಟಾನಾರದೇ, ಆದರೂ ಹಾಡುವ ಜಾಗವನ್ನು ತಮಗಿಂತ ಎಷ್ಟೋ ಕಿರಿಯರಿಗೆ ಮನಸಾರೆ ಬಿಟ್ಟುಕೊಟ್ಟರು. ತಮ್ಮ ನಾದವನ್ನು ಮಾತ್ರ ಬಿಡಲಿಲ್ಲ: ಅದೇ ಉದ್ದಕ್ಕೆ ಎಳೆಯುವ ಸ್ವರ, ಅದೇ ಕಾಂಗಾ ಲಯ.

ನನಗೆ ಆ ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಾಣುವುದು ಈ ಔದಾರ್ಯ. ಹಿರಿಯ ಕಲಾವಿದರು ಹೊಸಬರ ಹಾಗೆ ನುಡಿಸಬೇಕಾಗಿಲ್ಲ, ಹೊಸಬರ ಜೊತೆ ನುಡಿಸಿದರೆ ಸಾಕು.