ತೊಟ್ಟಿಮನೆಯನ್ನು ಪಾಲು ಮಾಡುವುದೆಂತು?

ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಯು ಹೊರಗಿನಿಂದ ನೋಡಿದವರಿಗೆ ಮಣ್ಣಿನ ಮನೆಯಾಗಿ ತೋರುತ್ತದೆ. ಒಳಹೊಕ್ಕವರಿಗೆ ಅದು ಮರದ ಮನೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತಲೂ ಕಲ್ಲಿನ ಪೀಠದ ಮೇಲೆ ನಿಂತ ಕಂಬಗಳು, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ಜಂತೆ, ಎಲ್ಲಕ್ಕೂ ಮೇಲೆ ನಾಡಹೆಂಚು. ನೆಲದ ತೇವವೂ ಗೆದ್ದಲೂ ಮರವನ್ನು ಬೇಗ ಮುಟ್ಟದಿರಲೆಂದು ಆ ಪೀಠ. ಚಾವಣಿಯ ನಾಲ್ಕು ಮಗ್ಗುಲೂ ತೊಟ್ಟಿಯತ್ತ ಇಳಿದು ಮೂಲೆಗಳಲ್ಲಿ ಒಂದನ್ನೊಂದು ಕೂಡುತ್ತವೆ. ಆದ್ದರಿಂದ ಒಂದು ಮಗ್ಗುಲನ್ನು ಕಿತ್ತರೆ ಉಳಿದವುಗಳ ಆಧಾರವೂ ಸಡಿಲವಾಗುತ್ತದೆ.

ಈ ಕೊನೆಯ ಮಾತನ್ನು ಓದುಗ ಬಂಧುಗಳು ಗಮನಿಸಬೇಕೆಂದು ಕೋರುತ್ತೇವೆ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಲ್ಲಿ ಇಂಥ ಮನೆಯೊಂದರ ಪಾಲಿನ ಮಾತಿಗೆ ನಮ್ಮನ್ನು ಕರೆಸಿದ್ದರು. ಗದ್ದೆ, ತೆಂಗಿನ ತೋಟಗಳ ಹಂಚಿಕೆ ಒಂದೇ ಹೊತ್ತಿನಲ್ಲಿ ಮುಗಿಯಿತು. ಮನೆಯ ಸರದಿ ಬಂದಾಗ ಹಿರಿಯ ಮಗನು ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದನು. ಗೆರೆಯು ನೇರವಾಗಿ ಕಂಬದ ಬುಡಕ್ಕೆ ಬಂದು ನಿಂತಿತು. “ಬುದ್ಧೀ, ಈ ಕಂಬ ಯಾರ ಪಾಲಿಗೆ?” ಎಂದು ಕಿರಿಯವನು ಕೇಳಿದನು. ಯಾರೂ ನಗಲಿಲ್ಲ.

ಮರದ ಮನೆಯನ್ನು ಇಡಿಯಾಗಿ ಉಳಿಸಿಕೊಂಡವರು ಹೊರದೇಶದಲ್ಲಿ ಉಂಟು. ಇಂಗ್ಲೆಂಡಿನ ಹಳ್ಳಿಗಳಲ್ಲಿ ನಾಲ್ಕೈದು ಶತಮಾನ ಕಂಡ ಒಕ್ಕಲುಮನೆಗಳು ಇಂದಿಗೂ ನಿಂತಿವೆ. ಓಕ್ ಮರದ ಚೌಕಟ್ಟು, ಸಂದುಗಳಲ್ಲಿ ಕಡ್ಡಿ ಹೆಣೆದು ಮೆತ್ತಿದ ಮಣ್ಣು, ಮೊಳೆಗೆ ಬದಲಾಗಿ ಮರದ ಬೆಣೆ. ನಮ್ಮ ಬಡಗಿಗಳಿಗೂ ಅಪರಿಚಿತವಲ್ಲದ ವಿದ್ಯೆ. ಆದರೆ ಅಲ್ಲಿ 1925ರ ಕಾಯಿದೆ ಬರುವವರೆಗೆ, ಉಯಿಲಿಲ್ಲದೆ ತೀರಿಕೊಂಡವನ ಮನೆ-ಭೂಮಿ ಸಾಮಾನ್ಯವಾಗಿ ಹಿರಿಯ ಮಗನೊಬ್ಬನಿಗೇ ಸಲ್ಲುತ್ತಿತ್ತು. 1947ರ ಕಾಯಿದೆಯ ತರುವಾಯ ಹಳೆಯ ಕಟ್ಟಡಗಳ ಪಟ್ಟಿಯಾಯಿತು. ಈಗ ಪಟ್ಟಿಯಲ್ಲಿರುವ ಮನೆಯನ್ನು ಒಡೆಯನೂ ಅನುಮತಿಯಿಲ್ಲದೆ ಕೆಡವುವಂತಿಲ್ಲ.

ಹಿರಿಯನಿಗೇ ಎಲ್ಲವೂ ಎಂಬ ನ್ಯಾಯ ನಮಗೆ ಬೇಡ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೂ, ದೇಶಕ್ಕೆಲ್ಲ 2005ರ ತಿದ್ದುಪಡಿಯಿಂದಲೂ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿನ ಹಕ್ಕು ಬಂದಿತು. ಶರಣರ ಹೆಸರು ಹೇಳುವವರು ಇದಕ್ಕೆ ಮುಖ ಸಿಂಡರಿಸಬಾರದು. ಪಾಲು ಕೊಡಲು ಗರಗಸವೇ ಬೇಕೆಂದೇನೂ ಇಲ್ಲ. ಮನೆಗೆ ಬೆಲೆ ಕಟ್ಟಿಸಿ, ಅಲ್ಲಿ ವಾಸಿಸುವವರು ಉಳಿದವರಿಗೆ ಹಣವನ್ನೋ ಭೂಮಿಯನ್ನೋ ಕೊಡಬಹುದು.

ಹೀಗೆಂದಾಗ ಬಂದ ಆಕ್ಷೇಪವೂ ಸಣ್ಣದಲ್ಲ. ಊರಲ್ಲಿ ಉಳಿದ ಕಿರಿಯವನ ಕೈಯಲ್ಲಿ ಹಣವಿಲ್ಲ. ಬೆಂಗಳೂರಿನ ಮಧ್ಯವರ್ತಿಯೊಬ್ಬನು ಕಂಬ, ಬಾಗಿಲುಗಳಿಗೇ ಒಳ್ಳೆಯ ಬೆಲೆ ಹೇಳಿ ಹೋಗಿದ್ದಾನೆ. ಮಳವಳ್ಳಿಗೆ ಕೊಟ್ಟ ಹಿರಿಯ ಮಗಳೊಬ್ಬಳು ಮಾತ್ರ, ತನ್ನ ಪಾಲಿನ ಹಣಕ್ಕೆ ಐದು ವರುಷ ಕಾಯುವೆನೆಂದಳು. “ಅಪ್ಪ ದಿನಾ ಪೂಜೆ ಮುಗಿಸಿ ಈ ಕಂಬಕ್ಕೇ ಒರಗಿ ಕೂರುತ್ತಿದ್ದರು” ಎಂಬುದಷ್ಟೇ ಆಕೆ ಕೊಟ್ಟ ಕಾರಣ. ಮಿಕ್ಕವರು ಇನ್ನೂ ಒಪ್ಪಿಲ್ಲ. ಮುಂಗಾರಿಗೆ ಮುನ್ನ ಹೆಂಚು ಕೈಯಾಡಿಸಲು ಕಿರಿಯವನು ಆಳುಗಳಿಗೆ ಹೇಳಿ ಕಳುಹಿಸಿದ್ದಾನೆ.