ಬಾಸೆಲ್ ಪಟ್ಟಣದಲ್ಲಿ ಫ್ರಾಂಕಿನ ಲೆಕ್ಕ

ರೈನ್ ನದಿಯ ತಿರುವಿನಲ್ಲಿ, ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಈ ಮೂರು ದೇಶಗಳೂ ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿರುವೆಡೆಯಲ್ಲಿ ಬಾಸೆಲ್ ಪಟ್ಟಣವಿದೆ. ಕನ್ನಡಿಗರ ಕಿವಿಗೆ ಈ ಹೆಸರು ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಹೊರಟುಬಂದದ್ದು ಇಲ್ಲಿಂದಲೇ. ಮಂಗಳೂರಿನ ಹೆಂಚು, ಅಲ್ಲಿನ ಅಚ್ಚುಕೂಟ, 1894ರಲ್ಲಿ ಬೆಳಕು ಕಂಡ ಕಿಟ್ಟೆಲ್ಲರ ನಿಘಂಟು ಇವುಗಳೊಂದಿಗೆ ಈ ಊರಿನ ಹೆಸರೂ ನಮ್ಮ ಮನೆಯ ಮಾತಾಗಿದೆ. ಆ ಪಾದ್ರಿಗಳು ಬಂದ ಹಾದಿಯಲ್ಲಿ ಈಗ ನಮ್ಮ ಹುಡುಗರು ಎದುರುಮುಖವಾಗಿ ಹೋಗುತ್ತಿದ್ದಾರೆ. ಊರು ಔಷಧದ ಕಾರ್ಖಾನೆಗಳಿಗೆ ಹೆಸರುವಾಸಿ. ನನ್ನ ಮಗಳೂ ಅಳಿಯನೂ ಇಲ್ಲಿ ಉದ್ಯೋಗದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ನಾವು ದಂಪತಿಗಳು ಎರಡು ತಿಂಗಳು ಅವರ ಮನೆಯಲ್ಲಿದ್ದು ಬಂದೆವು.

ಹೋದ ಮರುದಿನವೇ ಅಳಿಯ ನನ್ನನ್ನು ನದಿಯ ಬಳಿಯ ಹೋಟೆಲಿಗೆ ಕರೆದೊಯ್ದು ಕಾಫಿ ಕೊಡಿಸಿದನು. ಒಂದು ಲೋಟಕ್ಕೆ ಐದು ಫ್ರಾಂಕ್. ಫ್ರಾಂಕಿಗೆ ನಮ್ಮ ರೂಪಾಯಿ ನೂರನ್ನು ದಾಟಿರುವುದರಿಂದ ಗುಣಾಕಾರಕ್ಕೆ ಕಾಗದ ಪೆನ್ಸಿಲು ಬೇಕಾಗಲಿಲ್ಲ. ಐನೂರು ರೂಪಾಯಿಯ ಕಾಫಿಯನ್ನು ನಾನು ಔಷಧದಂತೆ ಗುಟುಕು ಗುಟುಕಾಗಿ ಕುಡಿದೆ. "ಮಾವ, ಇಲ್ಲಿ ಮೊದಲ ಆರು ತಿಂಗಳು ಎಲ್ಲರೂ ರೂಪಾಯಿಗೆ ಗುಣಿಸುತ್ತಾರೆ. ಆಮೇಲೆ ಬಿಡುತ್ತಾರೆ. ಬಿಡದಿದ್ದರೆ ಉಪವಾಸ ಬೀಳಬೇಕಾಗುತ್ತದೆ" ಎಂದನು ಅಳಿಯ. ನಾನಿರುವುದೇ ಎರಡು ತಿಂಗಳಾದ್ದರಿಂದ ಆ ವ್ಯಾಧಿಯಿಂದ ಪಾರಾಗುವ ಯೋಗ ನನಗಿರಲಿಲ್ಲ.

ಕೂದಲು ಕತ್ತರಿಸಲು 45 ಫ್ರಾಂಕ್ ತೆತ್ತೆ. ತಲೆಯ ಮೇಲೆ ಉಳಿದಿರುವ ಕೂದಲಿನ ಲೆಕ್ಕದಲ್ಲಿ ನೋಡಿದರೆ ಎಳೆಗಿಷ್ಟೆಂದು ದರ ಕಟ್ಟಬಹುದಾಗಿತ್ತು. ಆದರೆ ಆ ಕ್ಷೌರಿಕನ ಪಾಡನ್ನೂ ಯೋಚಿಸಬೇಕು. ಅವನೂ ಇದೇ ಊರಿನಲ್ಲಿ ಬಾಡಿಗೆ ತೆರಬೇಕು, ಇದೇ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳಬೇಕು. ಬಾಸೆಲ್ ನಗರ ಪ್ರಾಂತ್ಯದ ಜನರು 2021ರಲ್ಲಿ ಮತ ಹಾಕಿ ಕನಿಷ್ಠ ಕೂಲಿಯ ಕಾನೂನು ಮಾಡಿಕೊಂಡರು. ಮರುವರ್ಷ ಅದು ಗಂಟೆಗೆ 21 ಫ್ರಾಂಕಿನಿಂದ ಆರಂಭವಾಯಿತು. ಕಾಫಿ ಬಗ್ಗಿಸಿಕೊಡುವವಳ ಸಂಸಾರವೂ ಆ ಲೋಟದ ಬೆಲೆಯೊಳಗೇ ಇದೆಯೆಂದು ತಿಳಿದ ಮೇಲೆ ನನ್ನ ಗೊಣಗಾಟ ಸ್ವಲ್ಪ ತಗ್ಗಿತು, ಪೂರ್ತಿ ನಿಲ್ಲಲಿಲ್ಲ.

ಸಂಸಾರದ ದೊಡ್ಡ ಖರ್ಚುಗಳು ಮಾತ್ರ ಕಾಫಿಯೂ ಅಲ್ಲ, ಕ್ಷೌರವೂ ಅಲ್ಲ. ಮೊದಲನೆಯದು ಬಾಡಿಗೆ. ಈ ದೇಶದಲ್ಲಿ ಸ್ವಂತ ಮನೆಯುಳ್ಳವರಿಗಿಂತ ಬಾಡಿಗೆಯವರೇ ಹೆಚ್ಚು. ಮುಂಗಡವಾಗಿ ಮೂರು ತಿಂಗಳ ಬಾಡಿಗೆಯವರೆಗೆ ಕೇಳಬಹುದು. ಅದಕ್ಕಿಂತ ಹೆಚ್ಚು ಕೇಳಲು ಕಾನೂನು ಬಿಡದು. ಬಟ್ಟೆ ಒಗೆಯುವ ಯಂತ್ರ ನೆಲಮಾಳಿಗೆಯಲ್ಲಿ ಇಡೀ ಕಟ್ಟಡಕ್ಕೊಂದು. ಮಗಳ ಮನೆಗೆ ಸರದಿ ಬರುತ್ತಿದ್ದುದು ಎರಡು ವಾರಕ್ಕೊಮ್ಮೆ. ಕೂಸಿರುವ ಮನೆಗೆ ಇದು ಸಾಲುವುದೇ? ನನ್ನ ಹೆಂಡತಿ ಬಚ್ಚಲಲ್ಲಿ ಕುಳಿತು ಮೊಮ್ಮಗಳ ಬಟ್ಟೆಗಳನ್ನು ಕೈಯಲ್ಲೇ ಒಗೆದು, "ಚಂದ್ರಲೋಕಕ್ಕೆ ಹೋದರೂ ಈ ಕೆಲಸ ನನಗೆ ತಪ್ಪದು" ಎಂದಳು.

ಕಸಕ್ಕೂ ಕಂದಾಯವುಂಟು. ಪೌರಸಭೆಯ ಗುರುತುಳ್ಳ ನೀಲಿ ಚೀಲದಲ್ಲಿ ತುಂಬಿಟ್ಟ ಕಸವನ್ನು ಮಾತ್ರ ಒಯ್ಯುತ್ತಾರೆ. 35 ಲೀಟರಿನ ಒಂದು ಚೀಲಕ್ಕೆ ಎರಡು ಫ್ರಾಂಕಿನ ಆಸುಪಾಸು. ಹಳೆಯ ಪತ್ರಿಕೆಗಳನ್ನು ದಾರದಿಂದ ಅಚ್ಚುಕಟ್ಟಾಗಿ ಕಟ್ಟಿ ಗೊತ್ತಾದ ದಿನ ಬೀದಿಗಿಟ್ಟರೆ ಅದಕ್ಕೆ ದುಡ್ಡಿಲ್ಲ. ಆ ಕಟ್ಟು ಕಟ್ಟುವ ಅಧಿಕಾರವನ್ನು ನಾನು ವಹಿಸಿಕೊಂಡೆ.

ಎರಡನೆಯ ದೊಡ್ಡ ಖರ್ಚು ಆರೋಗ್ಯ ವಿಮೆ. 1996ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಬಂದು ನೆಲೆಸಿದ ಪ್ರತಿಯೊಬ್ಬನೂ ಮೂರು ತಿಂಗಳೊಳಗೆ ವಿಮೆ ಮಾಡಿಸಲೇಬೇಕು. 2025ರಲ್ಲಿ ವಯಸ್ಕರ ಸರಾಸರಿ ಕಂತು ತಿಂಗಳಿಗೆ ಸುಮಾರು 449 ಫ್ರಾಂಕ್ ಇತ್ತು. ಕಂತು ಕಟ್ಟಿದ ಮಾತ್ರಕ್ಕೆ ವೈದ್ಯರ ಬಳಿ ನಿಶ್ಚಿಂತೆಯಿಂದ ಹೋಗುವಂತಿಲ್ಲ. ವರ್ಷದ ಮೊದಲ 300 ಫ್ರಾಂಕನ್ನು, ಕಂತು ಕಡಿಮೆಯಾಗಲೆಂದು ಬೇರೆ ಏರ್ಪಾಡು ಒಪ್ಪಿದವರು 2500 ಫ್ರಾಂಕಿನವರೆಗೆ, ತಾವೇ ತೆರಬೇಕು. ಆದರೆ ಗರ್ಭಿಣಿಗೆ ಹದಿಮೂರನೆಯ ವಾರದಿಂದ ಹೆರಿಗೆಯಾದ ಎಂಟು ವಾರದವರೆಗೆ ಈ ಪಾಲು ಕೊಡುವ ಕಟ್ಟಳೆಯಿಲ್ಲ. ಮಗಳ ಹೆರಿಗೆ ಹೀಗೆ ಸುಸೂತ್ರವಾಗಿ ಕಳೆಯಿತು. ಇದನ್ನು ಕೇಳಿ ನನ್ನ ಹೆಂಡತಿ ಆ ದೇಶವನ್ನು ಅರ್ಧದಷ್ಟು ಕ್ಷಮಿಸಿದಳು.

ಶನಿವಾರ ಬಂತೆಂದರೆ ಗಡಿಯಾಚೆಗೆ ಯಾತ್ರೆ. ಎಂಟನೆಯ ನಂಬರಿನ ಟ್ರಾಮು 2014ರ ಡಿಸೆಂಬರಿನಿಂದ ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್ ಊರಿನವರೆಗೆ ಓಡುತ್ತಿದೆ. ಅಲ್ಲಿ ದಿನಬಳಕೆಯ ಸಾಮಾನು ಬಾಸೆಲಿಗಿಂತ ಎಷ್ಟೋ ಅಗ್ಗ. ನಮ್ಮಲ್ಲಿ ಸಂತೆಗೆ ಹೊರಡುವವರಂತೆ ಜನ ಖಾಲಿ ಚೀಲಗಳೊಂದಿಗೆ ಹತ್ತುತ್ತಾರೆ. ಐವತ್ತು ಯೂರೋ ಮೀರಿದ ಕೊಳ್ಳುವಿಕೆಯಾದರೆ ಸುಂಕದ ಕಟ್ಟೆಯಲ್ಲಿ ಒಂದು ಕಾಗದಕ್ಕೆ ಮೊಹರು ಹಾಕಿಸಿ, ಜರ್ಮನರ ಮಾರಾಟ ತೆರಿಗೆಯನ್ನೂ ವಾಪಸು ಪಡೆಯಬಹುದು. ಇದರಿಂದ ತಮ್ಮ ವರ್ತಕರಿಗೆ ನಷ್ಟವೆಂದು ಕಂಡೋ ಏನೋ, ತೆರಿಗೆಯಿಲ್ಲದೆ ತರಬಹುದಾದ ಮಿತಿಯನ್ನು ಸ್ವಿಸ್ ಸರ್ಕಾರ 2025ರ ಜನವರಿ 1ರಿಂದ ಒಬ್ಬರಿಗೆ ದಿನಕ್ಕೆ 300 ಫ್ರಾಂಕಿನಿಂದ 150ಕ್ಕೆ ಇಳಿಸಿತು. ಕಾರ್ಖಾನೆಯ ಸರಕಿನ ಮೇಲಿನ ಆಮದು ಸುಂಕವನ್ನು 2024ರಲ್ಲಿ ತೆಗೆದುಹಾಕಿದ ಇದೇ ಸರ್ಕಾರ, ತನ್ನ ರೈತರ ಹಾಲು ಮಾಂಸಗಳಿಗೆ ಮಾತ್ರ ಸುಂಕದ ಬೇಲಿಯನ್ನು ಹಾಗೆಯೇ ಉಳಿಸಿಕೊಂಡಿದೆ. ಸಸ್ಯಾಹಾರಿಗಳಾದ ನಮಗೆ ಮಾಂಸದ ಬೆಲೆಯ ಬಿಸಿ ತಟ್ಟಲಿಲ್ಲ. ಕರಿಬೇವು, ನುಗ್ಗೆಕಾಯಿ, ತೆಂಗಿನಕಾಯಿಗಳು ಶ್ರೀಲಂಕೆಯ ತಮಿಳರ ಅಂಗಡಿಯಲ್ಲಿ ದೊರೆತವು. ಕಾಯಿ ಒಡೆದು ಕೊಳೆತಿದ್ದರೆ ಅದರಷ್ಟು ದುಃಖ ಮತ್ತೊಂದಿಲ್ಲ.

ಹೀಗಿರುತ್ತ ಐದನೆಯ ವಾರದಲ್ಲಿ ನನ್ನ ಎಡಗಡೆಯ ದವಡೆ ಹಲ್ಲು ನೋಯತೊಡಗಿತು. ಆ ದೇಶದ ಕಡ್ಡಾಯ ವಿಮೆಯಲ್ಲಿಯೂ ಸಾಮಾನ್ಯವಾದ ಹಲ್ಲಿನ ಚಿಕಿತ್ಸೆ ಸೇರಿಲ್ಲ. ನಾನು ಊರಿನಲ್ಲಿ ಮಾಡಿಸಿಕೊಂಡು ಹೋಗಿದ್ದ ಪ್ರವಾಸದ ವಿಮೆಯಲ್ಲಿ ಹಲ್ಲಿನ ಮಾತೇ ಇರಲಿಲ್ಲ. ಬೇರಿನ ಚಿಕಿತ್ಸೆಯೆಂದರೆ ಸಾವಿರ ಫ್ರಾಂಕ್ ಮೀರುವುದೆಂದು ಅಳಿಯ ಯಾವಾಗಲೋ ಮಾತಿನ ನಡುವೆ ಹೇಳಿದ್ದನು. ನಾನು ಬಾಯಿ ಮುಚ್ಚಿಕೊಂಡೆ. ಲವಂಗ ಇಟ್ಟುಕೊಂಡು, ಬಲಗಡೆಯಿಂದ ಅಗಿಯುತ್ತ, ಚಪಾತಿ ಬೇಡ ಗಂಜಿ ಸಾಕೆಂದು ವಿರಕ್ತನಂತೆ ನಟಿಸಿದೆ.

ಒಂದು ರಾತ್ರಿ ನೋವಿನಿಂದ ನಿದ್ರೆ ಬಾರದೆ ಅಡಿಗೆಮನೆಗೆ ಹೋದಾಗ ಮಗಳು ದೀಪ ಹಚ್ಚಿಕೊಂಡು ಲೆಕ್ಕದ ಪುಸ್ತಕದ ಮುಂದೆ ಕುಳಿತಿದ್ದಳು. ಅಲ್ಲಿ ಕಾನೂನಿನ ಹೆರಿಗೆ ರಜೆ ಹದಿನಾಲ್ಕು ವಾರ. ಅದು ಮುಗಿದೊಡನೆ ಕೂಸನ್ನು ಶಿಶುವಿಹಾರದಲ್ಲಿ ಬಿಡಬೇಕು. ಸಹಾಯಧನ ದೊರೆಯದವರಿಗೆ ಅದರ ಶುಲ್ಕ ದಿನಕ್ಕೆ ನೂರು ಫ್ರಾಂಕ್ ಮೀರುತ್ತದೆ. ಶುಲ್ಕ, ತೆರಿಗೆ ಎಲ್ಲ ಕಳೆದು ಅವಳ ಸಂಬಳದಲ್ಲಿ ಉಳಿಯುವ ಮೊತ್ತವನ್ನು ಮೂರು ಸಲ ಕೂಡಿ ಕಳೆದು ನೋಡಿದ್ದಳು. ಮೂರು ಸಲವೂ ಅದು ಬಹಳ ಸಣ್ಣ ಅಂಕಿಯೇ ಆಗಿತ್ತು.

"ಇಷ್ಟಕ್ಕಾಗಿ ಕೂಸನ್ನು ಬಿಟ್ಟು ಹೋಗಬೇಕೇನಮ್ಮ?" ಎಂದೆ.

"ಸಂಬಳಕ್ಕಲ್ಲ ಅಪ್ಪ. ಎರಡು ವರ್ಷ ಮನೆಯಲ್ಲಿ ಕುಳಿತರೆ ನನ್ನ ಕೆಲಸ ನನಗಾಗಿ ಕಾದಿರುವುದಿಲ್ಲ. ಕೆಲಸ ಉಳಿಸಿಕೊಳ್ಳಲು ಕೊಡುವ ಬಾಡಿಗೆ ಎಂದುಕೊಂಡಿದ್ದೇನೆ" ಎಂದಳು. ನಾನು ಉತ್ತರ ಹೇಳಲಿಲ್ಲ. ಊರಿನಲ್ಲಾಗಿದ್ದರೆ ಕೂಸು ನಮ್ಮ ತೊಡೆಯ ಮೇಲೆ ಬೆಳೆಯುತ್ತಿತ್ತು. ಆ ಖರ್ಚನ್ನು ಯಾವ ಪುಸ್ತಕದಲ್ಲಿಯೂ ಬರೆಯುತ್ತಿರಲಿಲ್ಲ. ಇಲ್ಲಿ ಅಜ್ಜಿ ತಾತಂದಿರಿಗೂ ವೀಸಾದ ಗಡುವುಂಟು.

ಅಷ್ಟರಲ್ಲಿ ಅವಳು ನನ್ನ ಮುಖವನ್ನು ದಿಟ್ಟಿಸಿ, "ನಿಮ್ಮ ಕೆನ್ನೆ ಯಾಕೆ ಊದಿದೆ?" ಎಂದು ಕೇಳಿದಳು. ಗುಟ್ಟು ರಟ್ಟಾಯಿತು. ಮರುದಿನ ನಾನೆಷ್ಟು ಬೇಡವೆಂದರೂ ಕೇಳದೆ ದಂತವೈದ್ಯರ ಬಳಿಗೆ ಕರೆದೊಯ್ದಳು. ವೈದ್ಯರು ನೋಡಿ, ಕೀವನ್ನು ತೆಗೆದು, ಮಾತ್ರೆ ಬರೆದುಕೊಟ್ಟು, ಉಳಿದ ಚಿಕಿತ್ಸೆಯ ಅಂದಾಜನ್ನು ಕಾಗದದಲ್ಲಿ ಬರೆದರು. ಅದನ್ನು ಓದಿದೊಡನೆಯೇ ನನ್ನ ನೋವು ಮುಕ್ಕಾಲು ಪಾಲು ಇಳಿಯಿತು. ಉಳಿದುದನ್ನು ಊರಿನಲ್ಲಿ ಮಾಡಿಸಿಕೊಳ್ಳುವುದೆಂದು ರಾಜಿಯಾಯಿತು. ಆ ದಿನದ ದುಡ್ಡನ್ನು ಕೊಟ್ಟವಳು ಮಗಳು. ಎಷ್ಟೆಂದು ಹೇಳಲಿಲ್ಲ, ಲೆಕ್ಕದ ಪುಸ್ತಕವನ್ನು ಹುಡುಕಿ ನೋಡಿದೆ, ಅದರಲ್ಲಿಯೂ ಬರೆದಿರಲಿಲ್ಲ.

ಹೊರಡುವ ದಿನ ಹಳೆಯ ಪತ್ರಿಕೆಗಳ ಕೊನೆಯ ಕಟ್ಟನ್ನು ಕಟ್ಟಿ ಬಾಗಿಲ ಬಳಿ ಇಟ್ಟು ಬಂದೆ. ನಮ್ಮ ಮೈಸೂರಿನ ದಂತವೈದ್ಯರು ಹಲ್ಲನ್ನು ನೋಡಿ, "ಒಟ್ಟು ಐದು ಸಾವಿರ ಆದೀತು, ಸ್ವಲ್ಪ ಹೆಚ್ಚೆನಿಸಬಹುದು" ಎಂದು ಸಂಕೋಚದಿಂದ ಹೇಳಿದರು. ನಾನು ಬಾಯಿ ತೆರೆದುಕೊಂಡೇ ನೂರರಿಂದ ಭಾಗಿಸಿದೆ. ಐವತ್ತು ಫ್ರಾಂಕ್; ಬಾಸೆಲಿನ ಕ್ಷೌರಕ್ಕಿಂತ ಐದು ಮಾತ್ರ ಹೆಚ್ಚು. ನನಗೆ ನಗು ಬಂತು. ನೋವೇ ಎಂದು ವೈದ್ಯರು ಕೈ ಹಿಂದೆಗೆದುಕೊಂಡರು.