ಸೊಲ್ಲಾಪುರಕ್ಕೆ ಸುದ್ದಿ ಮುಟ್ಟುವ ಮುನ್ನ

ಸಿಮ್ಯುಲೇಶನ್ ಪರದೆಯ ಎಡಕ್ಕೆ ರಾಯಚೂರು, ಬಲಕ್ಕೆ ಸೊಲ್ಲಾಪುರ. ನಡುವಿನ ಸುಮಾರು 208 ಕಿಲೋಮೀಟರು ಬೆರಳಗಲದ ಒಂದು ಡಬ್ಬಿ. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ಡನ್ನು ದೇಶದ ಉಳಿದ ಗ್ರಿಡ್ಡಿಗೆ ಬೆಸೆದ 765 ಕೆವಿ ಲೈನು ಇದೇ. ನಿಮ್ಮ ಪಕ್ಕ ಕೂತ ಹುಡುಗಿ ಡಬ್ಬಿ ತೆರೆಯುತ್ತಾಳೆ: ಒಳಗೆ ಒಂದು ರೆಸಿಸ್ಟರ್, ಒಂದು ಇಂಡಕ್ಟರ್, ಎರಡೂ ತುದಿಗೆ ಅರ್ಧರ್ಧ ಕೆಪಾಸಿಟರ್. ಪರೀಕ್ಷೆಗೆ ಉರು ಹೊಡೆದ ಪೈ ಮಾಡೆಲ್.

"ಇಷ್ಟು ಸಾಕಲ್ವಾ ಸರ್?"

"ಲೋಡ್ ಫ್ಲೋಗೆ ಧಾರಾಳ ಸಾಕು. ಈಗ ಆ ಕಡೆ ಬ್ರೇಕರ್ ಓಪನ್ ಇಟ್ಟು, ರಾಯಚೂರಿಂದ ಲೈನ್ ಚಾರ್ಜ್ ಮಾಡು ನೋಡೋಣ. ಒಂದೇ ಫೇಸು ಸಾಕು. ಬಸ್ ವೋಲ್ಟೇಜ್ ಜಗ್ಗಲ್ಲ ಅಂತಿಟ್ಕೋ."

ರನ್ ಒತ್ತುತ್ತಾಳೆ. ಬ್ರೇಕರ್ ಕೂಡಿದ ಕ್ಷಣವೇ ಸೊಲ್ಲಾಪುರದ ಗೆರೆಯೂ ಮೇಲೇಳುತ್ತದೆ. ನೋಡಲು ಚೆಂದ, ಆದರೆ ಸುಳ್ಳು. ಬೆಳಕಿಗೇ 208 ಕಿಲೋಮೀಟರು ದಾಟಲು 0.7 ಮಿಲಿಸೆಕೆಂಡು ಬೇಕು. ಪೈ ಮಾಡೆಲಿಗೆ ದೂರ ಎಂಬುದೇ ಗೊತ್ತಿಲ್ಲ.

ಹಳೆಯ ಡಬ್ಬಿ ತೆಗೆದು ಬರ್ಜೆರಾನ್ ಮಾಡೆಲ್ ಇಡುತ್ತಾಳೆ. ಪೈಪಿನಲ್ಲಿ ನೀರು ತಟ್ಟನೆ ತಡೆದಾಗ ಹುಟ್ಟುವ ಒತ್ತಡದ ಅಲೆಯ ಲೆಕ್ಕಕ್ಕೆ ದುಡಿದ ವಿಧಾನ ಅದು. ಹರ್ಮನ್ ಡಾಮೆಲ್ 1969ರ ಪ್ರಬಂಧದಲ್ಲಿ ಅದನ್ನು ಕಂಪ್ಯೂಟರಿನ ವಿದ್ಯುತ್ ಲೆಕ್ಕಕ್ಕೆ ಕೂರಿಸಿದರು. ಒಳಗೆ ಇಣುಕಿ: ಎರಡು ತುದಿಗಳ ನಡುವೆ ತಂತಿಯೇ ಇಲ್ಲ! ಒಂದೊಂದು ತುದಿಯಲ್ಲೂ ನೆಲಕ್ಕೆ ಕಟ್ಟಿದ ಒಂದು 260 ಓಮ್ ರೆಸಿಸ್ಟರ್, ಪಕ್ಕದಲ್ಲಿ ಒಂದು ಕರೆಂಟ್ ಸೋರ್ಸ್. ಆ ಸೋರ್ಸ್ ಎಷ್ಟು ಹರಿಸಬೇಕೆಂಬುದನ್ನು ತೀರ್ಮಾನಿಸುವುದು ಆಚೆ ತುದಿಯ 0.7 ಮಿಲಿಸೆಕೆಂಡು ಹಿಂದಿನ ಸ್ಥಿತಿ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ಜಾಣ ಉಪಾಯ ಇನ್ನೊಂದಿಲ್ಲ.

ಮತ್ತೆ ರನ್. ಬ್ರೇಕರ್ ಕೂಡುವುದು ವೋಲ್ಟೇಜಿನ ತುತ್ತತುದಿಯಲ್ಲಿ, 625 ಕೆವಿಯಲ್ಲಿ. ಒಂದು ಹೆಜ್ಜೆಗೆ 50 ಮೈಕ್ರೋಸೆಕೆಂಡು. ಎರಡು, ಐದು, ಹತ್ತು ಹೆಜ್ಜೆ... ಸೊಲ್ಲಾಪುರ ಸೊನ್ನೆಯಲ್ಲೇ ಮಲಗಿದೆ. ಹದಿನಾಲ್ಕನೆಯದಕ್ಕೆ ಗೆರೆ ನೆಟ್ಟಗೆ ಎದ್ದು ಸುಮಾರು 1250ಕ್ಕೆ ನಿಲ್ಲುತ್ತದೆ. ಮುಂದೆ ದಾರಿಯಿಲ್ಲದ ಅಲೆ ತನ್ನ ಮೇಲೇ ಮಡಚಿಕೊಂಡು ದುಪ್ಪಟ್ಟಾಗಿದೆ.

"ಅಯ್ಯೋ, ಇನ್ಸುಲೇಟರ್ ಗತಿ?"

"ಅದಕ್ಕೇ ಬ್ರೇಕರಿನಲ್ಲಿ ರೆಸಿಸ್ಟರ್ ಇಡೋದು. 400 ಓಮ್ ಹಾಕು."

ಮೇನ್ ಕಾಂಟ್ಯಾಕ್ಟ್ ಕೂಡುವ ಮೊದಲು ಕೆಲವೇ ಮಿಲಿಸೆಕೆಂಡು ದಾರಿಯಲ್ಲಿ ನಿಲ್ಲುವ ರೆಸಿಸ್ಟರ್ ಅದು. ಹೊರಡುವ ಅಲೆಯೇ 246 ಕೆವಿಗೆ ಕುಗ್ಗುತ್ತದೆ. ಸೊಲ್ಲಾಪುರದಲ್ಲಿ ದುಪ್ಪಟ್ಟಾದರೂ 490 ಚಿಲ್ಲರೆ. ಹುಡುಗಿಗೆ ಜೀವ ಬಂದಂತಾಗುತ್ತದೆ.

"ಈಗ ಆ ರೆಸಿಸ್ಟರ್ ತೆಗಿ. ಲೈನ್ ಟ್ರಿಪ್ ಆಗಿ ಮೈನಸ್ 625ರ ಚಾರ್ಜ್ ಅದರಲ್ಲೇ ಉಳಿದಿದೆ, ಶಂಟ್ ರಿಯಾಕ್ಟರ್ ಇಲ್ಲ, ಪ್ಲಸ್ 625 ಇದ್ದಾಗ ರೀಕ್ಲೋಸ್ ಆಯ್ತು ಅಂತಿಟ್ಕೋ."

ಅಂದರೆ ಹೊರಡುವ ಅಲೆಯ ಎತ್ತರ 1250. ಆಚೆ ತುದಿಯಲ್ಲಿ ಅದು 2500, ಅದರಲ್ಲಿ ಮೊದಲಿದ್ದ 625 ಕಳೆಯಬೇಕು. ಅವಳಿನ್ನೂ ಬೆರಳು ಮಡಚುತ್ತಿರುವಾಗಲೇ ಗೆರೆ ಗ್ರಾಫಿನ ನೆತ್ತಿ ದಾಟಿ ಮಾಯ.

"ಎಲ್ಲಿಗೆ ಹೋಯ್ತು ಸರ್?"

"ಸ್ಕೇಲ್ 2000ಕ್ಕೆ ಇಡಮ್ಮ. 1875 ಹತ್ರ ಸಿಗತ್ತೆ."